ದೊಡ್ಡವ್ವನ ಎದೆ ಏನೂ ಹೇಳಲಿಲ್ಲ

ಮಾರ್ಚ್ 3, ಸೋಮವಾರ

ಇವತ್ತು ಅಕೌಂಟೆನ್ಸಿ ಕ್ಲಾಸಿನಲ್ಲಿ ನನಗೆ ಹಾರ್ಟ್ ಅಟ್ಯಾಕ್ ಆಯಿತು. ಅಂದರೆ ಆಗಲಿಲ್ಲ, ಆದರೆ ಆಯಿತೆಂದೇ ನಂಬಿದ್ದೆ. ಮೇಡಂ ಬೋರ್ಡಿನ ಮೇಲೆ ಬ್ಯಾಲೆನ್ಸ್ ಶೀಟ್ ಬರೆಯುತ್ತಿದ್ದರು. ಇದ್ದಕ್ಕಿದ್ದಂತೆ ಎಡಗೈ ತಣ್ಣಗಾಯಿತು, ಎದೆ ಡಬಡಬ ಹೊಡೆದುಕೊಂಡಿತು, ಕಿವಿಯಲ್ಲಿ ಗುಂಯ್ ಎಂದಿತು. ಮಣಿಕಟ್ಟು ಹಿಡಿದು ನಾಡಿ ಎಣಿಸತೊಡಗಿದೆ. ಪಕ್ಕದಲ್ಲಿ ಮೇಘಾ. "ಏನೇ, ಮತ್ತೆ ಸಾಯೋಕೆ ಶುರು ಮಾಡಿದ್ಯಾ? ಕ್ಯಾಂಟೀನ್‌ಗೆ ಹೋಗಿಬಂದು ಸಾಯಿ ಕಣೇ, ಹೊಟ್ಟೆ ಹಸೀತಿದೆ" ಅಂದಳು.

ನಗು ಬರಲಿಲ್ಲ. ಫೋನ್ ತೆಗೆದರೆ ಸಾಕು, ಜಿಮ್‌ನಲ್ಲಿ ಕುಸಿದವನು, ಮದುವೆಯಲ್ಲಿ ಕುಣಿಯುತ್ತ ಬಿದ್ದವನು. ಎಲ್ಲರೂ ನನ್ನ ವಯಸ್ಸಿನವರ ಹಾಗೇ ಕಾಣುತ್ತಾರೆ.

ಕಾಲೇಜಿನ ಕೌನ್ಸೆಲರ್ ಭಯವನ್ನೆಲ್ಲ ಬರೆದಿಡು ಅಂದಿದ್ದಾರೆ. ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಿಧಾನವಾಗಿ. ಅಪ್ಪನದು ಬ್ಯಾಂಕು, ಎರಡು ಮೂರು ವರ್ಷಕ್ಕೊಮ್ಮೆ ಟ್ರಾನ್ಸ್‌ಫರ್. ಹಾಗಾಗಿ ಐದನೇ ಕ್ಲಾಸಿನಿಂದ ಸ್ಕೂಲು ಮುಗಿಯುವವರೆಗೆ ನಾನು ಊಟಿಯ ಹಾಸ್ಟೆಲಿನಲ್ಲಿದ್ದೆ. ಅಲ್ಲಿ ಇಂಗ್ಲಿಷಿನಲ್ಲಿ ಬರೆದದ್ದನ್ನು ಇಡೀ ಡಾರ್ಮಿಟರಿ ಓದುತ್ತಿತ್ತು. ಕನ್ನಡ ಯಾರಿಗೂ ಬರುತ್ತಿರಲಿಲ್ಲ. ಅಂದಿನಿಂದ ನನ್ನ ಗುಟ್ಟುಗಳಿಗೆ ಇದೇ ಭಾಷೆ.

ಮಾರ್ಚ್ 5, ಬುಧವಾರ

ದೊಡ್ಡವ್ವನಿಗೆ ಹೇಳಿಯೇಬಿಟ್ಟೆ. ಅಮ್ಮನಿಗೆ ಹೇಳಿದರೆ ಸಿಂಧನೂರಿನಿಂದ ಬಸ್ ಹತ್ತಿ ಬಂದುಬಿಡುತ್ತಾಳೆ.

ದೊಡ್ಡವ್ವ ಎಂದರೆ ಅಮ್ಮನ ಅಕ್ಕ, ರುಕ್ಮವ್ವ. ಟಿ. ದಾಸರಹಳ್ಳಿಯಲ್ಲಿ ಅವಳದೊಂದು ಖಾನಾವಳಿ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಉತ್ತರ ಕರ್ನಾಟಕದ ನಮ್ಮ ಕಡೆಯ ಹುಡುಗರೆಲ್ಲ ಅಲ್ಲಿಗೇ ಊಟಕ್ಕೆ ಬರುತ್ತಾರೆ. ದೊಡ್ಡಪ್ಪ ತೀರಿಕೊಂಡ ಮೇಲೆ ಅವಳೇ ಶುರುಮಾಡಿದ್ದು. ಮೇಲಿನ ರೂಮಿನಲ್ಲಿ ನಾನಿದ್ದೇನೆ. ಕಾಲೇಜು ಮಾಕಳಿ ಹತ್ತಿರ, ಒಂದೇ ಬಸ್ಸು.

ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ತಿರುವುತ್ತಾಳೆ, ಬರಿಗೈಯಲ್ಲೇ ಅಂಚನ್ನು ಒತ್ತಿ ಉಬ್ಬಿಸುತ್ತಾಳೆ. ಎಲ್ಲರೂ ಸ್ವಲ್ಪ ಹಾಗೆ ಮಾಡುವವರೇ. ಆದರೆ ಇವಳು ಅಂಗೈ ಇಟ್ಟು ಮಾತಾಡುತ್ತ ನಿಂತುಬಿಡುತ್ತಾಳೆ. ಅದನ್ನು ನೋಡುವುದೇ ಹುಡುಗರಿಗೊಂದು ಮಜಾ.

"ಅಕ್ಕನ ಕೈಗೆ ಬೆಂಕಿನೂ ಅಂಜತೈತಿ" ಅಂದ ನೀಲಪ್ಪ. ಅವನು ಲೋಹದ ಸಾಮಾನಿಗೆ ಬಣ್ಣದ ಪುಡಿ ಹಾಕುವ ಪೌಡರ್ ಕೋಟಿಂಗ್ ಶಾಪಿನವನು, ದಿನಾ ಮೊದಲ ಪಂಕ್ತಿ.

"ಮತ್ತ? ಮೂವತ್ತು ವರ್ಷದ ಕೈ ಇದು," ಅಂದಳು ದೊಡ್ಡವ್ವ, ಸೊಕ್ಕಿನಿಂದಲೇ.

ನನ್ನ ಎದೆಬಡಿತದ ಕಥೆ ಕೇಳಿ, "ಎದಿ ಹೊಡ್ಕೋಬೇಕಲ್ಲವ್ವ? ಹೊಡ್ಕೊಳ್ಳೋದು ನಿಂತ್ರ ಅಂಜಬೇಕು," ಎಂದಳು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ಭಾನುವಾರ ಪೀಣ್ಯದ ಒಂದು ಹಾಲ್‌ನಲ್ಲಿ ಕಾರ್ಮಿಕರಿಗೆ ಹೃದಯ ತಪಾಸಣೆ ಶಿಬಿರ ಇದೆಯೆಂದು ನೀಲಪ್ಪ ಹೇಳಿದ. "ನಡಿ, ತೋರ್ಸಿಬಿಡೋಣು. ಒಮ್ಮೆ ಡಾಕ್ಟರ್ ಬೈದ್ರ ಎಲ್ಲಾ ವಾಸಿ ಆಕ್ಕೈತಿ," ಅಂದಳು ದೊಡ್ಡವ್ವ.

ಮಾರ್ಚ್ 9, ಭಾನುವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಹಾಲ್‌ನಲ್ಲಿ ಪರದೆ ಕಟ್ಟಿದ್ದರು. ಹೆಂಗಸರ ಕಡೆ ಇಸಿಜಿ ಮಂಚದ ಹತ್ತಿರ ನನ್ನ ಸರದಿ ಬಂದಾಗ ನಾನು ಹಿಂದಕ್ಕೆ ಸರಿದೆ. ಆ ವೈರುಗಳು, ಆ ಕ್ಲಿಪ್ಪುಗಳು. ನಾಳೆ ಬರೋಣ ಅಂದೆ. ದೊಡ್ಡವ್ವ ನನ್ನನ್ನು ಪಕ್ಕಕ್ಕೆ ಸರಿಸಿ, "ನೋಡು, ಹೆಂಗ ಮಕ್ಕೋಬೇಕು ತೋರಿಸ್ತೀನಿ," ಎಂದು ತಾನೇ ಮಂಚ ಹತ್ತಿ ಮಲಗಿದಳು. ಸಿಸ್ಟರ್ ನಕ್ಕು ಅವಳಿಗೇ ಕ್ಲಿಪ್ ಹಾಕಿದರು. "ಏನೂ ಆಗಂಗಿಲ್ಲ. ನಿದ್ದಿ ಬರತೈತಿ ಅಷ್ಟ," ಎಂದು ದೊಡ್ಡವ್ವ ನನ್ನ ಕಡೆ ಕಣ್ಣು ಹೊಡೆದಳು.

ಆಮೇಲೆ ನಾನು ಮಲಗಿದೆ. ಎರಡೂ ಕಾಗದ ಡಾಕ್ಟರ್ ಶೈಲಾ ಅವರ ಟೇಬಲ್ಲಿಗೆ ಹೋದವು. ನನ್ನದನ್ನು ನೋಡಿ, "ಹಾರ್ಟ್ ಫಸ್ಟ್ ಕ್ಲಾಸ್ ಇದೆಯಮ್ಮ. ಕಾಫಿ ಕಮ್ಮಿ ಮಾಡು, ರೀಲ್ಸ್ ಕಮ್ಮಿ ನೋಡು," ಅಂದರು. ನನಗೆ ಅಳು ಬರುವಷ್ಟು ಖುಷಿ.

ಇನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ಇನ್ನೊಮ್ಮೆ ಇಸಿಜಿ ತೆಗೆಸಿದರು. ಅದನ್ನೂ ನೋಡಿದರು.

"ಅಮ್ಮಾ, ಯಾವತ್ತಾದ್ರೂ ಎದೆನೋವು ಬಂದಿತ್ತಾ? ತುಂಬಾ ಜೋರಾಗಿ?"

"ನಂಗಾ? ಒಂದ ದಿನಾನೂ ಇಲ್ರೀ."

"ವಾಂತಿ, ಬೆವರು, ಉಸಿರು ಕಟ್ಟಿದ ಹಾಗೆ?"

"ಒಲಿ ಮುಂದ ಇರಾಕಿ ನಾನು. ಬೆವರು ಬರದ ಏನು ಐಸ್ ಬರತೈತೇನ್ರೀ?"

ಡಾಕ್ಟರ್ ನಗಲಿಲ್ಲ. "ನಿಮಗೆ ಯಾವಾಗಲೋ ಒಂದು ಹಾರ್ಟ್ ಅಟ್ಯಾಕ್ ಆಗಿಹೋಗಿರೋ ಹಾಗೆ ಕಾಣ್ತಿದೆ," ಎಂದರು.

ದೊಡ್ಡವ್ವ ತಿರುಗಿ ನನ್ನನ್ನು ನೋಡಿದಳು. ಕಾಗದ ಅದಲುಬದಲಾಗಿದೆ ಎಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ. ಕಾಗದದ ಮೇಲೆ ಸ್ಪಷ್ಟವಾಗಿ ಅವಳ ಹೆಸರಿತ್ತು.

ಮಾರ್ಚ್ 12, ಬುಧವಾರ

ಡಾಕ್ಟರ್ ಶೈಲಾ ಅವರ ಆಸ್ಪತ್ರೆಗೆ ಹೋಗಿದ್ದೆವು. ಎಕೋ ಮಾಡಿದರು. ಹೃದಯದ ಗೋಡೆಯ ಒಂದು ತುಂಡು ಉಳಿದ ಭಾಗದಷ್ಟು ಅಲ್ಲಾಡುತ್ತಿಲ್ಲ. ಅಟ್ಯಾಕ್ ಆಗಿದ್ದು ನಿಜ.

ಆಮೇಲೆ ಟ್ರೆಡ್‌ಮಿಲ್. ಎದೆಗೆ ವೈರು, ಸೀರೆಯ ನೆರಿಗೆ ಎತ್ತಿ ಕಟ್ಟಿ ದೊಡ್ಡವ್ವ ಬೆಲ್ಟ್ ಮೇಲೆ ನಡೆಯತೊಡಗಿದಳು. ಅವಳಿಗೆ ಅದೊಂದು ಆಟ. "ಎಷ್ಟ ನಡದ್ರೂ ಇಲ್ಲೇ ಅದೀನಲ್ಲವ್ವ! ದಾಸರಹಳ್ಳಿ ಯಾವಾಗ ಬರತೈತಿ?" ಸಿಸ್ಟರ್ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಡಾಕ್ಟರ್ ಪರದೆ ನೋಡುತ್ತಿದ್ದರು, ಹಾಗಾಗಿ ನಾನೂ ನೋಡಿದೆ. ಪ್ರತಿ ಬಡಿತದ ನಂತರ ನೇರವಾಗಿರಬೇಕಾದ ಗೆರೆ ಸ್ವಲ್ಪ ಸ್ವಲ್ಪವೇ ಕೆಳಗೆ ಜಗ್ಗತೊಡಗಿತ್ತು, ಒದ್ದೆ ಬಟ್ಟೆ ಹಾಕಿದ ಹಗ್ಗದ ಹಾಗೆ.

"ಅಮ್ಮಾ, ಎದೇಲಿ ಏನಾದ್ರೂ ಆಗ್ತಿದೆಯಾ? ಭಾರ? ಹಿಸುಕಿದ ಹಾಗೆ?"

"ಏನಿಲ್ರೀ. ಇನ್ನೂ ಜೋರು ಬಿಡ್ರಿ ಬೇಕಾದ್ರ."

ಡಾಕ್ಟರ್ ಮಷಿನ್ ನಿಲ್ಲಿಸಿಬಿಟ್ಟರು.

"ಯಾಕ ನಿಲ್ಲಿಸಿದ್ರಿ? ನಾ ಎಲ್ಲಿ ದಣದೀನಿ?"

ಹೆಂಗಸು ನಗುತ್ತಿದ್ದಾಳೆ, ಗೆರೆ ಮುಳುಗುತ್ತಿದೆ. ಎರಡೂ ಒಂದೇ ಮೈಯವು.

ಆಮೇಲೆ ಡಾಕ್ಟರ್ ಅವಳ ಕಾಲು ನೋಡಿದರು. ಕಂಪಿಸುವ ಒಂದು ಉಕ್ಕಿನ ಕವೆಯನ್ನು ಹೆಬ್ಬೆರಳಿಗೆ ಇಟ್ಟು, "ಗೊತ್ತಾಗ್ತಿದೆಯಾ?" ಎಂದರು.

"ಏನು?"

ಅಂಗಾಲಿನಲ್ಲಿ ಒಂದು ಹಳೆಯ ಸುಟ್ಟ ಗಾಯ ಇತ್ತು, ಒಲೆಯ ಕೆಂಡ ತುಳಿದದ್ದಿರಬೇಕು. ಅವಳಿಗೆ ಅದರ ಸುದ್ದಿಯೇ ಇಲ್ಲ.

"ಎಷ್ಟು ವರ್ಷದಿಂದ ಶುಗರ್?"

"ಆಗ್ಯಾವು ಭಾಳ. ಸಕ್ಕರಿ ಯಾರಿಗಿಲ್ರೀ ಈಗ? ಮೈಯಾಗ ಆರಾಮಿದ್ದಾಗ ಗುಳಗಿ ಬಿಡ್ತೀನಿ."

ನಾನು ಬಾಯಿ ಹಾಕಿದೆ. "ಮೇಡಂ, ಅವರ ಕೈಗೂ ಬಿಸಿ ತಾಗಲ್ಲ. ಆದರೆ ಅದು ರೊಟ್ಟಿ ಮಾಡಿ ಮಾಡಿ ಅಭ್ಯಾಸ..."

"ಕೈಗೆ ಅಭ್ಯಾಸ ಇರಬಹುದು. ಕಾಲಿಗೆ ಯಾವ ಅಭ್ಯಾಸ?"

ಆಮೇಲೆ ಡಾಕ್ಟರ್ ನಿಧಾನವಾಗಿ ಹೇಳಿದರು. ಶುಗರ್ ನರಗಳನ್ನು ಮಂಕು ಮಾಡಿದೆ. ಹೃದಯಕ್ಕೂ ರಕ್ತ ಬೇಕು, ಅದನ್ನು ತರುವ ನಾಳ ಕಿರಿದಾಗಿದೆ. ಕೆಲಸ ಹೆಚ್ಚಾದಾಗ ಬಂದ ರಕ್ತ ಸಾಲುತ್ತಿಲ್ಲ. "ಬೇರೆಯವರಿಗೆ ಆಗ ನೋವಾಗತ್ತೆ, ನಿಂತ್ಕೋತಾರೆ. ನಿಮ್ಮ ಹೃದಯ ಹೊಟ್ಟೆಗಿಲ್ಲದೆ ದುಡಿಯೋ ಆಳಿನ ಹಾಗೆ. ಬಾಯಿಬಿಟ್ಟು ಕೇಳೋದಿಲ್ಲ. ಒಂದಿನ ಕುಸಿದುಬಿಡತ್ತೆ." ಆಂಜಿಯೋಗ್ರಾಮ್ ಬೇಗ ಆಗಬೇಕು. ಬ್ಲಾಕ್ ಇದ್ದರೆ ಅಲ್ಲೇ ಸ್ಟೆಂಟ್.

ದೊಡ್ಡವ್ವ ಸೆರಗು ಸರಿಮಾಡಿಕೊಂಡಳು. "ಯುಗಾದಿಗೆ ಹುಡುಗರು ಊರಿಗೆ ಹೊಕ್ಕಾರ. ಆಗ ಬರ್ತೀನ್ರೀ."

"ಅಷ್ಟು ದಿನ ಕಾಯೋದು ನನಗೆ ಸರಿ ಕಾಣ್ತಿಲ್ಲ."

"ನೋವೇ ಇಲ್ಲದ್ದಕ್ಕ ಅವಸರ ಯಾಕ್ರೀ?"

ಮೂರು ಥರ ಮಾತ್ರೆ ಬರೆದುಕೊಟ್ಟರು. ಇನ್ನೊಂದನ್ನು ಬೇರೆಯಾಗಿ ನನ್ನ ಕೈಗೇ ಕೊಟ್ಟರು: ಆಸ್ಪಿರಿನ್, ತುರ್ತಿಗೆ, ಅಗಿಯಲು. "ನೋವನ್ನ ಕಾಯಬೇಡಿ. ಕಾರಣ ಇಲ್ಲದ ಬೆವರು, ಏದುಸಿರು, ಮುಖ ಬಿಳಿಚೋದು. ನೋಡಿದ ತಕ್ಷಣ ಕರ್ಕೊಂಡು ಬನ್ನಿ." ದೊಡ್ಡವ್ವ ಅಷ್ಟರಲ್ಲಿ ಹೊರಗೆ ಚಪ್ಪಲಿ ಹುಡುಕುತ್ತಿದ್ದಳು.

ಮಾರ್ಚ್ 13, ಗುರುವಾರ

ಯಾವ ದಿನ ಆಗಿರಬಹುದು ಅದು?

ಬೆಳಗ್ಗೆಯಿಂದ ಇದೇ ತಲೆಯಲ್ಲಿ. ಈ ಮನೆಯೊಳಗೆ ಒಂದು ಹಾರ್ಟ್ ಅಟ್ಯಾಕ್ ಬಂದು ಹೋಗಿದೆ, ಯಾರೂ ಬಾಗಿಲು ತೆರೆದಿಲ್ಲ. ಅವಳೊಂದಿಗೆ ಅಡುಗೆ ಮಾಡುವ ಮಹಾಂತಮ್ಮನನ್ನು ಕೇಳಿದೆ. "ದೀಪಾವಳಿ ಮುಂದ ಒಂದಿನ ಹಿಟ್ಟಿನ ಬುಟ್ಟಿ ಮ್ಯಾಲೆ ಕೈ ಊರಿ ನಿಂತಿದ್ಲು. ಇಲ್ಲ, ಅದು ಶ್ರಾವಣದಾಗ," ಅಂದಳು. ಅಮ್ಮ ಫೋನಿನಲ್ಲಿ ಅಳುತ್ತ, "ಗೃಹಪ್ರವೇಶಕ್ಕ ಬಂದಾಗ ಊಟ ಬ್ಯಾಡ ಅಂದಿದ್ಲು, ಪಿತ್ತ ಅಂದ್ಲು," ಎಂದಳು.

ದೊಡ್ಡವ್ವನನ್ನೇ ಕೇಳಿದೆ.

"ಯಾವ್ದೋ ಒಂದಿನ. ರೊಟ್ಟಿ ಬಡೀತಿದ್ನೇಳು."

"ಸತ್ತುಹೋಗಿದ್ರೆ?"

"ಸತ್ತಿದ್ರ ನಿಂಗೊತ್ತಾಕ್ಕಿತ್ತಲ್ಲ."

ಎಂದು ನಕ್ಕಳು. ನಾನು ಮೇಲೆ ಬಂದುಬಿಟ್ಟೆ.

ಮಾರ್ಚ್ 16, ಭಾನುವಾರ

ದೊಡ್ಡ ತಪ್ಪು ಮಾಡಿದೆನೋ ಏನೋ. ಆದರೆ ಬೇರೆ ದಾರಿ ತೋಚಲಿಲ್ಲ.

ನಾನು ದಿನವಿಡೀ ಕಾಲೇಜಿನಲ್ಲಿರುತ್ತೇನೆ. ಅವಳು ಏನನ್ನೂ ಹೇಳುವವಳಲ್ಲ. ಹೇಳಲು ಅವಳಿಗೇ ಗೊತ್ತಾಗುವುದಿಲ್ಲ. ಹಾಗಾಗಿ ಬೇರೆಯವರು ನೋಡಬೇಕು. ಮಧ್ಯಾಹ್ನ ಪಂಕ್ತಿ ತುಂಬಿದ್ದಾಗ ನೀರಿನ ಜಗ್ಗು ಹಿಡಿದುಕೊಂಡೇ ನಿಂತು ಮಾತಾಡಿದೆ. ಸ್ಕೂಲಿನಲ್ಲಿ ಅಸೆಂಬ್ಲಿಯಲ್ಲಿ ನ್ಯೂಸ್ ಓದಲೂ ವಾಂತಿ ಬರುತ್ತಿದ್ದವಳು ನಾನು.

"ಅಣ್ಣಾ, ಎಲ್ಲರೂ ಒಂಚೂರು ಕೇಳಿ. ದೊಡ್ಡವ್ವನ ಹಾರ್ಟ್‌ಗೆ ಬ್ಲಡ್ ಸರಿಯಾಗಿ ಹೋಗ್ತಿಲ್ಲ. ಅವಳಿಗೆ ಪೇನ್ ಆಗಲ್ಲ. ಆಗಬೇಕು, ಆದರೆ ಆಗಲ್ಲ."

"ಆಗೋದಿಲ್ಲ ಅಂದ್ರ ಚೊಲೋನ ಅಲ್ರೀ ಇಂಗ್ಲಿಷ್ ತಂಗಿ?" ಯಾರೋ ಅಂದರು. ನಗು.

"ಚೊಲೋ ಅಲ್ಲ. ಅವಳ ಕೈಗೆ ಬಿಸಿ ತಾಗಲ್ಲ ಅಂತ ನಾವೆಲ್ಲ ಹೊಗಳ್ತೀವಲ್ಲ, ಅದೇ ರೋಗ. ಡಾಕ್ಟರ್ ಹೇಳಿದ್ರು."

ನಗು ನಿಂತಿತು. ನೀಲಪ್ಪ ಕೈಯಲ್ಲಿದ್ದ ರೊಟ್ಟಿ ತುಂಡನ್ನು ತಟ್ಟೆಗೆ ಇಟ್ಟ. "ಅಂದ್ರ ಅಕ್ಕನ ಮೀಟರ್ ಕೆಟ್ಟೈತಿ ಅನ್ರಿ."

"ನಿಂದು ಕೆಟ್ಟೈತೋ," ಒಲೆಯ ಕಡೆಯಿಂದ ದೊಡ್ಡವ್ವ ಕೂಗಿದಳು. "ಮೂರನೇ ಸಲ ಪಲ್ಯ ಹಾಕಿಸ್ಕೊಂಡಿ!"

ಯಾರೂ ನಗಲಿಲ್ಲ. ಸುಮ್ಮನೆ ಬೆವರು ಬಂದರೆ, ಮುಖದ ಬಣ್ಣ ಹೋದರೆ, ಮೇಲುಸಿರು ಬಂದರೆ ನೋಡಿ, ಅವಳ ಮಾತು ಕೇಳಬೇಡಿ ಎಂದೆ. ಆಸ್ಪಿರಿನ್ ಸ್ಟ್ರಿಪ್ಪನ್ನು ಉಪ್ಪಿನ ಡಬ್ಬಿಯ ಪಕ್ಕ ಇಟ್ಟು ತೋರಿಸಿದೆ. ನನ್ನ ಫೋನ್ ನಂಬರನ್ನು ನೀಲಪ್ಪ ಸೇವ್ ಮಾಡಿಕೊಂಡ.

ಪಂಕ್ತಿ ಎದ್ದ ಮೇಲೆ ದೊಡ್ಡವ್ವ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ದನಿ ತಗ್ಗಿಸಿ ಹೇಳಿದಳು.

"ಇಷ್ಟ ದಿನ ನಾ ಅವರಿಗೆ ಉಣ್ಣಾಕ ಹಾಕಾಕಿ ಇದ್ದೆ. ಇವತ್ತ ನೀ ನನ್ನ ರೋಗಿ ಮಾಡಿದಿ."

"ದೊಡ್ಡವ್ವಾ..."

"ನನ್ನ ಮೈ ನಂಗೊತ್ತಿಲ್ಲೇನು? ಅವರು ಹೇಳಬೇಕಾ ನಂಗ, ನಾ ಹೆಂಗದೀನಂತ?"

ಮಾರ್ಚ್ 19, ಬುಧವಾರ

ಮಾತಿಲ್ಲ. ಊಟದ ತಟ್ಟೆ ಮಾತ್ರ ಮೆಟ್ಟಿಲ ಮೇಲೆ ಇರುತ್ತದೆ. ಮಾತ್ರೆ ನುಂಗುತ್ತಿದ್ದಾಳೆ, ಸ್ಟ್ರಿಪ್ಪಿನ ಖಾಲಿ ಗುಳಿ ಎಣಿಸಿದೆ. ಅಷ್ಟೇ ಸಮಾಧಾನ.

ಮಾರ್ಚ್ 21, ಶುಕ್ರವಾರ

ಕಾಲೇಜಿಗೆ ಹೊರಡುವ ಮುನ್ನ ಬಾಗಿಲ ಮರೆಯಲ್ಲಿ ನಿಂತು ಅವಳನ್ನು ನೋಡುತ್ತೇನೆ. ಮೇಲುತುಟಿ, ಹಣೆ, ಉಸಿರು. ಈಗ ಬಸ್ಸಿನಲ್ಲಿ ಕೂತವರನ್ನೂ ಹಾಗೇ ನೋಡುವ ಚಟ ಹತ್ತಿದೆ. ಇವರಲ್ಲಿ ಯಾರ ಎದೆ ಸುಮ್ಮನಿದೆಯೋ ಎಂದು. ಮೇಘಾ ಕೇಳಿದಳು, "ಏನೇ, ಈ ವಾರ ಒಂದ್ಸಲನೂ ಸಾಯಲಿಲ್ಲ ನೀನು?" ಏನು ಹೇಳುತ್ತಿದ್ದಾಳೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಮಾರ್ಚ್ 25, ಮಂಗಳವಾರ

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಮ್ಮ ಅಪ್ಪ ದಾರಿಯಲ್ಲಿದ್ದಾರೆ.

ನಿನ್ನೆ ಬಿಸಿನೆಸ್ ಲಾ ಇಂಟರ್ನಲ್ಸ್ ಇತ್ತು. ಬ್ಯಾಗುಗಳನ್ನು ಮುಂದೆ ಇಟ್ಟು ಬರೆಯುತ್ತಿದ್ದೆವು. ಯಾವುದೋ ಫೋನು ರಿಂಗಾಗತೊಡಗಿತು. ನನ್ನದೇ. ಆಫ್ ಮಾಡಲೆಂದು ಹೋದವಳು ಹೆಸರು ನೋಡಿದೆ. ದೊಡ್ಡವ್ವ ಎಂದೂ ಕ್ಲಾಸಿನ ಹೊತ್ತಿಗೆ ಫೋನ್ ಮಾಡುವವಳಲ್ಲ, ಅದೂ ಮಾತು ಬಿಟ್ಟ ಮೇಲೆ.

ಎತ್ತಿದೆ.

"ಭಾಗ್ಯಾ," ಅಂದಳು. ದನಿ ಮಾಮೂಲಿನಂತೆಯೇ ಇತ್ತು. "ನೀಲಪ್ಪ ನನ್ನ ಮುಖ ತೊಯ್ದೈತಿ ಅಂತಾನ. ಬಣ್ಣ ಹೋಗೈತಂತ. ನಂಗೇನೂ ಆಗಿಲ್ಲ ನೋಡು." ಉಸಿರು ಕೇಳಿಸಿತು, ಮೆಟ್ಟಿಲು ಹತ್ತಿ ಬಂದವರ ಉಸಿರು. "ಏನ್ ಮಾಡ್ಲಿ?"

"ಕೂತ್ಕೋ. ನೀಲಪ್ಪಣ್ಣಂಗೆ ಫೋನ್ ಕೊಡು."

"ತಂಗಿ," ಅಂದ ನೀಲಪ್ಪ. "ರಾತ್ರಿ ಪಾಳಿ ಮುಗಿಸಿ ಬಂದೆ, ಒಲಿ ಇನ್ನೂ ಹಚ್ಚಿಲ್ಲ, ಆದ್ರೂ ಅಕ್ಕ ಬೆವತಾಳ. ಅದಕ್ಕ ನಂಗ ಅಂಜಿಕಿ ಆತು."

"ಉಪ್ಪಿನ ಡಬ್ಬಿ ಪಕ್ಕದ ಮಾತ್ರೆ ಅಗಿಯೋಕೆ ಕೊಡಿ. ನಡೆಸಬೇಡಿ. ಆಟೋ ಬಾಗಿಲಿಗೇ ತರಿಸಿ, ಶೈಲಾ ಮೇಡಂ ಆಸ್ಪತ್ರೆಗೆ. ನಾನು ಅವರಿಗೆ ಫೋನ್ ಮಾಡ್ತೀನಿ. ನನಗಾಗಿ ಕಾಯಬೇಡಿ."

ಸರ್ ಎದುರಿಗೇ ನಿಂತಿದ್ದರು. "ಎಕ್ಸಾಮ್ ಹಾಲ್ ಇದು. ಹೊರಗೆ ಹೋದ್ರೆ ಸೊನ್ನೆ ಹಾಕ್ತೀನಿ."

"ಹಾಕಿ ಸರ್," ಎಂದು ಬ್ಯಾಗ್ ತೆಗೆದುಕೊಂಡೆ.

ತುಮಕೂರು ರೋಡಿನಲ್ಲಿ ಆಟೋ ಹಿಡಿದು ನಾನು ಬರುವಷ್ಟರಲ್ಲಿ ಅವಳನ್ನು ಒಳಗೆ ತೆಗೆದುಕೊಂಡಾಗಿತ್ತು. ನೀಲಪ್ಪ ಹೊರಗೆ ನಿಂತಿದ್ದ, ಅಂಗಿಯ ಮೇಲೆಲ್ಲ ಹಳದಿ ಪೌಡರ್, ಕೈಯಲ್ಲಿ ಅವಳ ಚಪ್ಪಲಿ.

"ಅಕ್ಕ ಆಟೋದಾಗೂ ನಕ್ಕೋಂತ ಬಂದ್ಲು ತಂಗಿ," ಅಂದ. "'ಬಿಟ್ಟಿ ಸವಾರಿ' ಅಂದ್ಲು. ನಾ ಏನರ ಸುಳ್ಳ ಅಂಜೀನೇನೋ, ಬೈತಾರೇನೋ ಅನ್ಕೊಂಡೆ. ಇಲ್ಲಿ ಬಂದು ವೈರ್ ಹಚ್ಚಿದ್ರು, ಎಲ್ಲಾರೂ ಓಡ್ಯಾಡಾಕ ಹತ್ತಿದ್ರು..." ಕೂರಿಸಿ ನೀರು ಕೊಟ್ಟೆ. ಚಪ್ಪಲಿ ಕೆಳಗಿಡಲಿಲ್ಲ ಅವನು, ಲೋಟ ನಾನೇ ಹಿಡಿದುಕೊಂಡೆ.

ಸಂಜೆ ಡಾಕ್ಟರ್ ಶೈಲಾ ಹೊರಗೆ ಬಂದರು. ದೊಡ್ಡ ನಾಳವೊಂದು ಹೆಚ್ಚುಕಡಿಮೆ ಪೂರ್ತಿ ಮುಚ್ಚಿತ್ತಂತೆ. ಸ್ಟೆಂಟ್ ಹಾಕಿದ್ದಾರೆ. ಇನ್ನೊಂದು ನಾಳದಲ್ಲೂ ಬ್ಲಾಕ್ ಇದೆ, ಅದನ್ನು ಆಮೇಲೆ ನೋಡೋಣ ಎಂದರು. "ಯುಗಾದಿ ತನಕ ಇದು ಕಾಯ್ತಿರಲಿಲ್ಲಮ್ಮ." ನಾನು ತಲೆಯಾಡಿಸಿದೆ. ಕೇಳಬೇಕಾದ್ದನ್ನೆಲ್ಲ ಕೇಳಿದೆ: ಯಾವ ಮಾತ್ರೆ ನಿಲ್ಲಿಸಬಾರದು, ಯಾವಾಗ ನಡೆಯಬಹುದು, ಒಲೆಯ ಮುಂದೆ ಯಾವಾಗ.

ಇವತ್ತು ಬೆಳಗ್ಗೆ ಐಸಿಯು ಒಳಗೆ ಒಬ್ಬರನ್ನೇ ಬಿಟ್ಟರು.

ದೊಡ್ಡವ್ವ ಎಚ್ಚರವಾಗಿದ್ದಳು. ವಿಭೂತಿಯಿಲ್ಲದ ಅವಳ ಹಣೆಯನ್ನು ನಾನು ಎಂದೂ ನೋಡಿರಲಿಲ್ಲ. ಸಣ್ಣವಳಾಗಿ ಕಂಡಳು. ಹತ್ತಿರ ಹೋಗಿ ನಿಂತೆ. ಅವಳು ತನ್ನ ಎದೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು, ಯಾರದೋ ಮನೆಯ ಬಾಗಿಲ ಮೇಲೆ ಇಟ್ಟ ಹಾಗೆ.

"ಸತ್ತುಹೋಗ್ತಿದ್ನಂತ," ಎಂದಳು. ಇನ್ನೂ ನಂಬಿಕೆ ಬಂದಿರಲಿಲ್ಲ ಅವಳಿಗೆ. "ಹಿಟ್ಟು ನಾದಾಕತ್ತಿದ್ದೆನವ್ವ. ಆರಾಮ ಇದ್ದೆ. ಆರಾಮ ಇದ್ದಾಗ ಸತ್ತುಹೋಗ್ತಿದ್ನಂತ."

ಅವಳ ಕಣ್ಣಂಚಿನಲ್ಲಿ ನೀರು ಇಳಿಯಿತು. ಒರೆಸಿದೆ.

"ಭಾಗ್ಯಾ."

"ಹೇಳು."

"ಈಗ ನಾ ಹೆಂಗದೀನಿ?"

ಡಾಕ್ಟರನ್ನು ಕೇಳಿ ಬರುತ್ತೇನೆ ಎನ್ನಲು ಹೊರಟಿದ್ದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಹಣೆ ನೋಡಿದೆ, ಒಣಗಿತ್ತು. ತುಟಿಯ ಬಣ್ಣ ನೋಡಿದೆ. ಹೊದಿಕೆ ಏರಿಳಿಯುವುದನ್ನು ಸ್ವಲ್ಪ ಹೊತ್ತು ನೋಡಿದೆ. ಅವಳು ಕಾಯುತ್ತಿದ್ದಳು.

"ಚೊಲೋ ಅದೀ ದೊಡ್ಡವ್ವಾ," ಎಂದೆ.

"ಹಂಗಾದ್ರ ಸರಿ," ಎಂದು ಕಣ್ಣು ಮುಚ್ಚಿದಳು.